ಜೋಧಪುರದಲ್ಲಿ ಒಂದು ರಾತ್ರಿ ಒಳ್ಳೇ ಊಟ: ಅರಮನೆಯೋ, ಕೋಟೆಯೋ, ಹವೇಲಿ ಮಹಡಿಯೋ?

ಗೋಣಿಕೊಪ್ಪ ಕಾಫಿತೋಟ:

ಎಲ್ಲರಿಗೂ ನಮಸ್ಕಾರ. ತಮ್ಮನಿಗೆ ಜೋಧಪುರಕ್ಕೆ ಪೋಸ್ಟಿಂಗ್ ಆಗಿದೆ. ಪುತ್ತರಿ ಹಬ್ಬ ಮುಗಿಸಿಕೊಂಡು, ರೋಬಸ್ಟಾ ಕೊಯ್ಲು ಶುರುವಾಗೋ ಮೊದಲು ಒಂದ್ಸಲ ಹೋಗಿ ಅವನನ್ನ ನೋಡಿಕೊಂಡು ಬರೋಣ ಅಂತ ಟಿಕೆಟ್ ಮಾಡಿದ್ದೇವೆ. ನಾನು, ನಮ್ಮ ಯಜಮಾನರು, ಅತ್ತೆ, ಪಿಯುಸಿ ಓದ್ತಿರೋ ಮಗ.

ನೋಡೋ ಜಾಗಗಳನ್ನ ತಮ್ಮ ಹೇಳಿದ್ದಾನೆ. ಊಟದ ವಿಷಯ ಕೇಳಿದ್ರೆ ಮಾತ್ರ "ನಾನು ಮೆಸ್ಸಲ್ಲೇ ಉಣ್ಣೋದು ಅಕ್ಕ, ನಂಗೇನು ಗೊತ್ತು" ಅಂತಾನೆ. ದಿನಾ ಸಾಧಾರಣ ಹೋಟೆಲು ಸಾಕು. ಒಂದು ರಾತ್ರಿ ಮಾತ್ರ ಕೈಬಿಚ್ಚಿ ಖರ್ಚು ಮಾಡೋಣ ಅಂತಿದೆ. ಉಮೇದ್ ಭವನ್ ಅರಮನೆ, ಮೆಹ್ರಾನ್‌ಗಢ ಕೋಟೆಯೊಳಗಿನ ಚೋಕೆಲಾವ್, ಪಾಲ್ ಹವೇಲಿ ಅನ್ನೋ ಹಳೇ ದೊಡ್ಡ ಮನೆಯ ಮಹಡಿ ಮೇಲಿನ ಇಂಡಿಕ್ ಹೋಟೆಲು, ಈ ಮೂರು ಹೆಸರು ಎಲ್ಲರ ಬಾಯಲ್ಲೂ ಬರ್ತಿದೆ. ಯಾವುದು ದುಡ್ಡಿಗೆ ತಕ್ಕ ಹಾಗಿದೆ?

ಅತ್ತೆಗೆ ಮಂಡಿನೋವು, ಮೆಟ್ಟಿಲು ಕಷ್ಟ. ಸೋಮವಾರ ಮಾಂಸ ಮುಟ್ಟಲ್ಲ, ಬಾಕಿ ದಿನ ತಿಂತಾರೆ. ಯಜಮಾನರಿಗೆ ಲಾಲ್ ಮಾಸ್, ಅದೇ ಅಲ್ಲಿನ ಖಾರದ ಕೆಂಪು ಮಾಂಸದ ಸಾರು, ತಿನ್ನಲೇಬೇಕು. ನನಗೆ ಬೇಕಿರೋದು ಆ ಊರಿನದೇ ಅಡುಗೆ. ಪನೀರ್ ಬಟರ್ ಮಸಾಲ ತಿನ್ನೋಕೆ ಅಷ್ಟು ದೂರ ಹೋಗಬೇಕಾಗಿಲ್ಲ, ಗೋಣಿಕೊಪ್ಪದಲ್ಲೇ ಸಿಗುತ್ತೆ. ಹೋಗಿ ಬಂದವರು, ಅಲ್ಲಿ ಇದ್ದವರು ದಯವಿಟ್ಟು ತಿಳಿಸಿ.

ಹಳೇ ಫೌಜಿ, ವಿರಾಜಪೇಟೆ:

ನೋಡಮ್ಮ, ನಮ್ಮ ಯೂನಿಟ್ ಜೋಧಪುರದಲ್ಲಿದ್ದಾಗ ಮನೆಯವಳು, ಮಕ್ಕಳು ಎಲ್ಲರೂ ನನ್ನ ಜೊತೆ ಅಲ್ಲೇ ಕ್ವಾರ್ಟರ್ಸಿನಲ್ಲಿದ್ದರು. ಸೇನೆಯ ಕೋಣಾರ್ಕ್ ಕೋರ್ ಇರುವ ಊರು ಅದು. ರಿಟೈರ್ ಆದಮೇಲೂ ಹೋಗಿ ಬಂದಿದ್ದೇನೆ. ಆ ಊರಿನ ಅಡುಗೆ ಮೇಲೆ ನನಗೆ ಬಹಳ ಪ್ರೀತಿ, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನಿಮ್ಮ ಮೂರು ಜಾಗ. ಉಮೇದ್ ಭವನ್ ಕಟ್ಟಲು ಶುರು ಮಾಡಿದ್ದು 1929ರಲ್ಲಿ, ಮುಗಿದದ್ದು 1943ರಲ್ಲಿ. ಬರ ಬಿದ್ದು ಜನ ಕಂಗಾಲಾಗಿದ್ದಾಗ ಅವರಿಗೆ ಕೂಲಿ ಸಿಗಲಿ ಅಂತ ಮಹಾರಾಜ ಉಮೇದ್ ಸಿಂಗ್ ಕಟ್ಟಿಸಿದ ಅರಮನೆ. ಈಗ ಒಂದು ಕಡೆ ರಾಜಮನೆತನದವರು ಇದ್ದಾರೆ, ಒಂದು ಕಡೆ ಮ್ಯೂಸಿಯಂ, ಉಳಿದದ್ದು ತಾಜ್‌ನವರ ಹೋಟೆಲ್. ಊಟಕ್ಕೆ ರಿಸಾಲಾ ಮತ್ತು ಪಿಲ್ಲರ್ಸ್ ಅಂತ ಎರಡು ಜಾಗ. ಮೊದಲೇ ಮಾತಾಡದೆ ಹೋದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹೊರಗಿನವರನ್ನು ಬಿಡುತ್ತಾರೋ, ತಲೆಗೆ ಕನಿಷ್ಠ ಎಷ್ಟು ಖರ್ಚು ಮಾಡಬೇಕೋ ಫೋನಿನಲ್ಲೇ ಕೇಳಿಕೊಳ್ಳಿ. ಸೇವೆ, ಶಿಸ್ತು, ಬೆಳ್ಳಿ ತಟ್ಟೆಯ ಗತ್ತು ಬೇಕೆನ್ನುವವರಿಗೆ ಅದು ಸರಿ. ನಿಮ್ಮ ಪ್ರಶ್ನೆ ಓದಿದರೆ ನಿಮಗೆ ಬೇಕಿರುವುದು ಅದಲ್ಲ ಅನಿಸುತ್ತದೆ. ಹಗಲು ಹೊತ್ತು ಮ್ಯೂಸಿಯಂ ನೋಡಿ, ಹಣ ಉಳಿಸಿ.

ನನ್ನ ಮಾತು ಕೇಳಿದರೆ ಕೋಟೆ. ಮೆಹ್ರಾನ್‌ಗಢ ಊರಿನಿಂದ ಸುಮಾರು 400 ಅಡಿ ಎತ್ತರದ ಬಂಡೆ ಮೇಲಿದೆ. ರಾವ್ ಜೋಧಾ 1459ರಲ್ಲಿ ಊರು ಕಟ್ಟಿದಾಗಲೇ ಇದಕ್ಕೂ ಬುನಾದಿ ಹಾಕಿದ್ದು. ಚೋಕೆಲಾವ್ ಅನ್ನುವುದು ಕೋಟೆಯ ತೋಟ. ಅಲ್ಲಿ ಬಯಲಲ್ಲೇ ಮೇಜು ಹಾಕಿರುತ್ತಾರೆ, ಬೆನ್ನ ಹಿಂದೆ ಕೋಟೆ ಗೋಡೆ, ಕೆಳಗೆ ಇಡೀ ಹಳೇ ಊರು. ಒಂದು ವಿಷಯ ನೆನಪಿಡಿ: ಕತ್ತಲಾದ ಮೇಲೆ ಹೋದರೆ ನೀಲಿ ಮನೆಗಳು ಕಾಣುವುದಿಲ್ಲ, ಬರೀ ದೀಪ ಕಾಣುತ್ತವೆ. ಡಿಸೆಂಬರಿನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಬೆಳಕಿರುವಾಗಲೇ ಹೋಗಿ ಕೂತು, ಊರಿನ ಬಣ್ಣ ಇಳಿಯುವುದನ್ನು ನೋಡಿ ಆಮೇಲೆ ಊಟ ಹೇಳಿ. ರಾಜಸ್ಥಾನಿ ಥಾಳಿಯಲ್ಲಿ ಮಾಂಸದ್ದೂ ಇದೆ, ತರಕಾರಿಯದೂ ಇದೆ. ಅದನ್ನೇ ಹೇಳಿ.

ಇಂಡಿಕ್ ಕೆಟ್ಟದ್ದಲ್ಲ. ಗುಲಾಬ್ ಸಾಗರ್ ಕೆರೆ, ಗಂಟಾಘರ್ ಅನ್ನುವ ಗಡಿಯಾರದ ಗೋಪುರ, ಎದುರಿಗೆ ದೀಪ ಹಾಕಿದ ಕೋಟೆ, ಎಲ್ಲ ಒಂದೇ ಕಡೆ ಕೂತು ಕಾಣುತ್ತದೆ. ಕೋಟೆಯನ್ನು ದೂರದಿಂದ ನೋಡಬೇಕು ಅನ್ನುವವರಿಗೆ ಅದೇ ಮೇಲು. ಆದರೆ ಅದು ಹವೇಲಿಯ ಮೇಲ್ಮಹಡಿ, ನಿಮ್ಮ ಅತ್ತೆಯವರನ್ನು ಹತ್ತಿಸಬೇಕು.

ಹಾಗೆ ನೋಡಿದರೆ ಕೋಟೆಯೂ ಸಪಾಟಾಗಿಲ್ಲ. ಜಯ್ ಪೋಲ್ ಬಾಗಿಲಿನಿಂದ ಒಳಗೆ ಕಲ್ಲು ಹಾಸಿದ ದಾರಿ, ಏರು ಇಳಿವು ಇದೆ. ತಮ್ಮನ ಕೈ ಹಿಡಿದು ನಿಧಾನಕ್ಕೆ ನಡೆಯುತ್ತಾರೆ ಅಂದರೆ ಧೈರ್ಯ ಮಾಡಿ. ಆಗುವುದೇ ಇಲ್ಲ ಅಂದರೆ ಅಜಿತ್ ಭವನ್ ಪಕ್ಕ 'ಆನ್ ದ ರಾಕ್ಸ್' ಇದೆ. ಮರಗಳ ಕೆಳಗೆ, ನೆಲದ ಮಟ್ಟದಲ್ಲೇ ಕೂತು ಉಣ್ಣುವ ಜಾಗ. ಕೋಟೆ ನೋಟ ಸಿಗುವುದಿಲ್ಲ, ವಯಸ್ಸಾದವರಿಗೆ ನೆಮ್ಮದಿ ಸಿಗುತ್ತದೆ.

ಈಗ ಲಾಲ್ ಮಾಸ್. ನಿಮ್ಮ ಯಜಮಾನರಿಗೆ ಹೇಳಿ, ಆರ್ಡರ್ ಮಾಡುವ ಮೊದಲು ಮಾಣಿಯನ್ನು ಒಂದು ಪ್ರಶ್ನೆ ಕೇಳಬೇಕು: ಟೊಮೆಟೊ ಹಾಕ್ತೀರಾ? ಹಳೇ ರೀತಿಯಲ್ಲಿ ಹಾಕುವುದಿಲ್ಲ. ಜೋಧಪುರದ ಹತ್ತಿರ ಮಥಾನಿಯಾ ಅಂತ ಊರಿದೆ, ಅಲ್ಲಿನ ಒಣಮೆಣಸಿನಕಾಯಿ ನೆನೆಸಿ ಅರೆದು, ಬೆಳ್ಳುಳ್ಳಿ, ಮೊಸರು, ತುಪ್ಪದಲ್ಲಿ ಕುರಿ ಮಾಂಸವನ್ನು ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಕೆಂಪು ಬರುವುದು ಆ ಮೆಣಸಿನಿಂದ. ಕೊನೆಗೆ ಪಾತ್ರೆ ಮಧ್ಯೆ ಒಂದು ಬಟ್ಟಲಲ್ಲಿ ಕೆಂಡ ಇಟ್ಟು, ಅದರ ಮೇಲೆ ತುಪ್ಪ, ಲವಂಗ ಹಾಕಿ ಮುಚ್ಚಿಬಿಡುತ್ತಾರೆ. ಹೊಗೆ ಒಳಗೇ ಕೂತು ಮಾಂಸಕ್ಕೆ ಹಿಡಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಮೊದಲು ಮೂಗಿಗೆ ಬರುವುದು ಲವಂಗ, ಆಮೇಲೆ ಬೆಳ್ಳುಳ್ಳಿ, ಖಾರ ಬರುವುದು ತುತ್ತು ನುಂಗಿದ ಮೇಲೆ. ಎಷ್ಟೋ ಮನೆಗಳಲ್ಲಿ ಕಚರಿ ಪುಡಿಯನ್ನೂ ಹಾಕುತ್ತಾರೆ. ಅದು ಮರಳಲ್ಲಿ ತಾನೇ ಹಬ್ಬುವ ಸೌತೆ ಜಾತಿಯ ಬಳ್ಳಿಯ ಕಾಯಿ, ಒಣಗಿಸಿ ಪುಡಿ ಮಾಡಿದ್ದು. ನಮ್ಮ ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ, ಕಾಚಂಪುಳಿ ಅನ್ನುವ ಕಪ್ಪು ಹುಳಿ ರಸ ಹೇಗೋ ಅವರ ಮಾಂಸಕ್ಕೆ ಕಚರಿ ಹಾಗೆ, ಹುಳಿಯೂ ಕೊಡುತ್ತದೆ, ಮಾಂಸವನ್ನು ಮೆತ್ತಗೂ ಮಾಡುತ್ತದೆ. ಗಂಟಾಘರ್ ಆಸುಪಾಸಿನ ಒಂದು ಮಹಡಿ ಹೋಟೆಲಲ್ಲಿ, ಹೆಸರು ಬೇಡ, ನನ್ನ ಅಳಿಯನಿಗೆ ಟೊಮೆಟೊ ಗೊಜ್ಜಿಗೆ ಬಣ್ಣ ಹಾಕಿ ಲಾಲ್ ಮಾಸ್ ಅಂತ ಕೊಟ್ಟರು. ಆ ಬೆಲೆಗೆ ಅದು ಅನ್ಯಾಯ. ಕೇಳಿಯೇ ಆರ್ಡರ್ ಮಾಡಿ. ಖಾರ ಆಗದವರಿಗೆ ಸಫೇದ್ ಮಾಸ್ ಇದೆ, ಮೊಸರು, ಗೋಡಂಬಿ, ಬಾದಾಮಿಯ ಬಿಳಿ ಸಾರು. ಅತ್ತೆಗೆ ಅದು ಹಿಡಿಸಬಹುದು.

ಆದರೆ ಅಮ್ಮ, ಆ ಊರಿನದೇ ಅಡುಗೆ ಬೇಕು ಅಂದಿರಲ್ಲ, ಅದು ಲಾಲ್ ಮಾಸ್ ಅಲ್ಲ. ಕೇರ್ ಸಾಂಗ್ರಿ. ಜೋಧಪುರಕ್ಕೆ ವರ್ಷಕ್ಕೆಲ್ಲ ಬೀಳುವ ಮಳೆ ಸುಮಾರು 14 ಇಂಚು. ನಮ್ಮ ಭಾಗಮಂಡಲದಲ್ಲಿ ಜುಲೈಯಲ್ಲಿ ಒಂದು ವಾರಕ್ಕೇ ಅಷ್ಟು ಹೊಯ್ದುಬಿಡುತ್ತದೆ. ಹಸಿ ತರಕಾರಿ ಎಲ್ಲಿಂದ ತರಬೇಕು ಅವರು? ಕೇರ್ ಅನ್ನುವುದು ಎಲೆಯೇ ಇಲ್ಲದ ಮುಳ್ಳುಪೊದೆಯ ಬಟಾಣಿ ಗಾತ್ರದ ಕಾಯಿ. ಸಾಂಗ್ರಿ ಅಂದರೆ ಖೇಜ್ರಿ ಮರದ ಎಳೇ ಕಾಯಿ, ನಾವು ದಸರಾಕ್ಕೆ ಪೂಜೆ ಮಾಡುವ ಬನ್ನಿ ಮರವೇ ಅದು. ಬೇಸಿಗೆಯಲ್ಲಿ ಕಿತ್ತು ಒಣಗಿಸಿ ವರ್ಷಪೂರ್ತಿ ಇಟ್ಟುಕೊಳ್ಳುತ್ತಾರೆ. ಪಲ್ಯಕ್ಕೆ ನೀರು ಹೊಯ್ಯುವುದಿಲ್ಲ. ಬೇಯಿಸಿದ ಕಾಯಿಯನ್ನು ಎಣ್ಣೆ, ಒಣಮೆಣಸು, ಓಮ, ಆಮ್ಚೂರ್ (ಒಣ ಮಾವಿನಕಾಯಿ ಪುಡಿ) ಹಾಕಿ ಹುರಿಯುತ್ತಾರೆ, ಫ್ರಿಜ್ ಇಲ್ಲದೆ ದಿನಗಟ್ಟಲೆ ಕೆಡುವುದಿಲ್ಲ. ನಮ್ಮ ಜೊತೆ ಓಸಿಯಾಂ ಕಡೆಯ ಒಬ್ಬ ಹವಾಲ್ದಾರ್ ಇದ್ದ, ಅವನ ಮನೆಯಲ್ಲಿ ಸಜ್ಜೆಯ ಸೋಗ್ರಾ ರೊಟ್ಟಿ ಮೇಲೆ ತುಪ್ಪ ಸುರಿದು, ಪಕ್ಕಕ್ಕೆ ಇದನ್ನು ಹಾಕಿ ಕೊಟ್ಟಿದ್ದರು. ಗಟ್ಟೆ ಪಲ್ಯವೂ ಹಾಗೇ ಹುಟ್ಟಿದ್ದು, ತರಕಾರಿ ಇಲ್ಲದಾಗ ಕಡಲೆಹಿಟ್ಟನ್ನೇ ಉಂಡೆ ಕಟ್ಟಿ ಬೇಯಿಸಿ ಮೊಸರಿನ ಸಾರಿಗೆ ಹಾಕುವುದು. ಯಾವ ಹೋಟೆಲಿಗೆ ಹೋದರೂ ಮೆನುವಿನಲ್ಲಿ ಇವೆರಡನ್ನು ಮೊದಲು ಹುಡುಕಿ. ಸಾಂಗ್ರಿ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು, ನಾರು ಸಿಗಬಾರದು, ತಟ್ಟೆ ತಳದಲ್ಲಿ ಸಾರು ನಿಂತಿರಬಾರದು. ಅಷ್ಟು ಸರಿಯಿದ್ದರೆ ಆ ಅಡುಗೆಯವನನ್ನು ನಂಬಿ ಬೇರೆಯದನ್ನೂ ಹೇಳಬಹುದು.

ಹಂದಿಮಾಂಸದ ಆಸೆ ಬೇಡ, ಈ ಹೋಟೆಲುಗಳಲ್ಲಿ ಕುರಿ, ಕೋಳಿ ಅಷ್ಟೇ.

ಕುಶಾಲನಗರ ಮಾರ್ವಾಡಿ:

ಅಂಕಲ್ ಬರೆದಿದ್ದು ಓದಿ ತುಂಬಾ ಖುಷಿಯಾಯ್ತು. ನಮ್ಮ ತಾತ ಪಾಲಿ ಜಿಲ್ಲೆಯಿಂದ ಬಂದು ಕುಶಾಲನಗರದಲ್ಲಿ ಅಂಗಡಿ ಇಟ್ಟವರು. ನಾನು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ಮದುವೆಗೆ, ದೇವರಿಗೆ ಅಂತ ಜೋಧಪುರಕ್ಕೆ ಹೋಗ್ತಾನೇ ಇರ್ತೀವಿ. ನಾವು ಜೈನರು, ಮಾಂಸದ ವಿಷಯ ಅಂಕಲ್‌ಗೇ ಬಿಟ್ಟೆ.

ಅಕ್ಕ, ಜೋಧಪುರದಲ್ಲಿ ಹೆಸರಾದ ತಿಂಡಿ ರಾತ್ರಿ ಊಟ ಅಲ್ಲ, ಬೆಳಗಿನದು. ಎಂಟು ಗಂಟೆ ಹೊತ್ತಿಗೆ ಬಾಣಲೆಯಿಂದ ಇಳೀತಿರೋ ಮಿರ್ಚಿ ವಡಾ ತಿನ್ನಿಸಿ ಮಗನಿಗೆ. ದೊಡ್ಡ ಹಸಿಮೆಣಸಿನಕಾಯಿ ಸೀಳಿ, ಆಲೂಗಡ್ಡೆ ಮಸಾಲೆ ತುಂಬಿ, ಕಡಲೆಹಿಟ್ಟಲ್ಲಿ ಅದ್ದಿ ಕರಿಯೋದು. ಮೆಣಸಿನಕಾಯಿ ಅಷ್ಟೇನು ಖಾರ ಇರಲ್ಲ. ನೈ ಸಡಕ್‌ನ ಜನತಾ ಸ್ವೀಟ್ ಹೋಮ್‌ನಲ್ಲಿ ಅದೂ ಸಿಗುತ್ತೆ, ಈರುಳ್ಳಿ ಕಚೋರಿನೂ ಸಿಗುತ್ತೆ. ಮಾವಾ ಕಚೋರಿಗೆ ರಾವತ್ ಹೆಸರುವಾಸಿ. ಒಳಗೆ ಖೋವಾ, ಒಣಹಣ್ಣು, ಮೇಲೆ ಸಕ್ಕರೆ ಪಾಕ. ಒಂದನ್ನ ಇಬ್ಬರು ಹಂಚಿಕೊಳ್ಳಿ, ತಲೆಗೊಂದು ತಗೊಂಡ್ರೆ ಮಧ್ಯಾಹ್ನ ಊಟ ಇಳಿಯಲ್ಲ. ಗಂಟಾಘರ್ ಹತ್ರ ಶಾಹಿ ಸಮೋಸಾ ಇದೆ, ಅಲ್ಲಿ ಕೂರೋಕೆ ಜಾಗ ಹುಡುಕಬೇಡಿ, ಎಲ್ರೂ ನಿಂತೇ ತಿನ್ನೋದು.

ಮಖನಿಯಾ ಲಸ್ಸಿ ಅಂದ್ರೆ ಗಂಟಾಘರ್ ಬಾಗಿಲಿನ ಮಿಶ್ರೀಲಾಲ್. 1927ರಿಂದ ನಡೀತಿರೋ ಅಂಗಡಿ. ಕೇಸರಿ, ಏಲಕ್ಕಿ ಹಾಕಿ ಎಷ್ಟು ಗಟ್ಟಿ ಮಾಡ್ತಾರೆ ಅಂದ್ರೆ ಚಮಚ ಹಾಕಿ ತಿನ್ನಬೇಕು. ನಿಮ್ಮ ಕಡೆ ಏಲಕ್ಕಿ ಬೆಳೆಯೋರು ಯಾರಾದ್ರೂ ಕುಡಿದ್ರೆ ವಾಸನೇಲೇ ಕಂಡುಹಿಡೀತಾರೆ, ಅಷ್ಟು ಹಾಕಿರ್ತಾರೆ.

ಸೋಮವಾರ ಮಧ್ಯಾಹ್ನಕ್ಕೆ ಸರ್ದಾರ್‌ಪುರದ ಜಿಪ್ಸಿ ಥಾಳಿ ಇಟ್ಕೊಳ್ಳಿ. ಪೂರ್ತಿ ವೆಜ್, ಸಾಕು ಅನ್ನೋವರೆಗೂ ಬಡಿಸ್ತಾನೇ ಇರ್ತಾರೆ. ದಾಲ್ ಬಾಟಿ ಬಂದಾಗ ಬಾಟಿನ, ಅಂದ್ರೆ ಸುಟ್ಟ ಗೋಧಿಹಿಟ್ಟಿನ ಉಂಡೆನ, ಚಪಾತಿ ಥರ ಅದ್ದಿ ತಿನ್ನಬೇಡಿ. ಕೈಯಲ್ಲಿ ಪುಡಿ ಮಾಡಿ, ಮೊದಲು ತುಪ್ಪ ಹಾಕಿಸಿಕೊಂಡು ಅದು ಹೀರಿದ ಮೇಲೆ ದಾಲ್ ಹಾಕಿಸಿಕೊಳ್ಳಿ. ಮೊದಲೇ ದಾಲ್ ಹಾಕಿದ್ರೆ ತುಪ್ಪ ಒಳಗೆ ಇಳಿಯಲ್ಲ. ಇನ್ನೊಂದು, ವಿಜಯ್ ರೆಸ್ಟೋರೆಂಟಲ್ಲಿ ಗುಲಾಬ್ ಜಾಮೂನ್ ಸಬ್ಜಿ. ಹೆಸರು ಕೇಳಿ ಹೆದರಬೇಡಿ, ಸಿಹಿ ಇರಲ್ಲ. ಪಾಕಕ್ಕೆ ಹಾಕದ ಖೋವಾ ಉಂಡೆನ ಖಾರದ ಗ್ರೇವಿಗೆ ಹಾಕ್ತಾರೆ. ಚಕ್ಕಿ ಸಬ್ಜಿನೂ ಕೇಳಿ ನೋಡಿ. ಗೋಧಿಹಿಟ್ಟಿನ ಮುದ್ದೆನ ನೀರಲ್ಲಿ ತೊಳೆದು ತೊಳೆದು, ಹಾಲು ಹೋಗಿ ಉಳಿಯೋ ಜಿಗುಟು ಭಾಗದಿಂದ ಮಾಡೋದು. ನಮ್ಮಜ್ಜಿ ಹಬ್ಬಕ್ಕೆ ಕುಶಾಲನಗರದಲ್ಲೂ ಮಾಡ್ತಿದ್ರು.

ಅನ್ನ ಬೇಕೇ ಬೇಕು ಅನ್ನೋರಿಗೆ ಜೋಧಪುರಿ ಕಾಬುಲಿ ಅಂತಿದೆ. ಅನ್ನ, ತರಕಾರಿ, ಕರಿದ ಬ್ರೆಡ್ಡು, ಒಣಹಣ್ಣು ಪದರ ಪದರವಾಗಿ ಹಾಕಿದ್ದು. ಎಲ್ಲಾ ಕಡೆ ಸಿಗಲ್ಲ, ಮೆನುವಿನಲ್ಲಿ ಕಂಡ್ರೆ ಬಿಡಬೇಡಿ.

ಅಂಕಲ್ ಖೇಜ್ರಿ ಮರದ ಮಾತೆತ್ತಿದ್ರು, ಅದಕ್ಕೆ ಸೇರಿಸ್ತೀನಿ. ಜೋಧಪುರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಖೇಜರ್ಲಿ ಅಂತ ಹಳ್ಳಿ. 1730ರಲ್ಲಿ ರಾಜನ ಆಳುಗಳು ಈ ಮರ ಕಡಿಯೋಕೆ ಬಂದಾಗ ಅಮೃತಾ ದೇವಿ ಮರ ತಬ್ಬಿಕೊಂಡು ಪ್ರಾಣ ಕೊಟ್ರು, ಅವರ ಹಿಂದೆ ಬಿಷ್ಣೋಯಿ ಜನ ಒಟ್ಟು 363 ಮಂದಿ ಸತ್ರು. ಬಿಷ್ಣೋಯಿ ಹಳ್ಳಿಗಳಿಗೆ ಕರ್ಕೊಂಡು ಹೋಗೋ ಜೀಪ್‌ನವರಿದ್ದಾರೆ, ಮನೆ ಊಟ ಸೇರಿಸಿ ಮಾತಾಡಿಕೊಳ್ಳಿ. ಅವರು ಶುದ್ಧ ಸಸ್ಯಾಹಾರಿಗಳು. ಚಳಿಗಾಲದಲ್ಲಿ ಹೋಗ್ತಿದ್ದೀರಿ, ಸೋಗ್ರಾ, ಬೆಲ್ಲ, ತುಪ್ಪ ತಟ್ಟೆಗೆ ಬಂದ್ರೆ ಆ ದಿನ ಯಾವ ಅರಮನೆನೂ ನೆನಪಾಗಲ್ಲ.

ಮಡಿಕೇರಿ ಮಳೆ:

ನಾವು ಹೋಗಿದ್ದು ಡಿಸೆಂಬರ್ ಕೊನೆಗೆ, ಅಮ್ಮನ್ನ ಕರ್ಕೊಂಡು. ಗೋಣಿಕೊಪ್ಪದವರೇ, ನಿಮ್ಮ ಅತ್ತೆಗೆ ಸ್ವೆಟರ್, ಸಾಕ್ಸ್, ಶಾಲು ಮೂರೂ ಇರಲಿ. ಮರುಭೂಮಿ ಅಂತ ತೆಳು ಬಟ್ಟೆ ತಗೊಂಡು ಹೋಗೋರೇ ಜಾಸ್ತಿ. ಹಗಲು ಬಿಸಿಲು ಹಿತವಾಗಿರುತ್ತೆ, ರಾತ್ರಿ ಕೋಟೆ ಮೇಲೆ ಬಯಲಲ್ಲಿ ಕೂತಾಗ ಗಾಳಿ ಕೊರೆಯುತ್ತೆ. ಬಿಸಿ ಊಟ ತಟ್ಟೆಯಲ್ಲೇ ಆರಿಹೋಗುತ್ತೆ, ರೊಟ್ಟಿ ಒಂದೊಂದೇ ತರೋಕೆ ಹೇಳಿ.

ಕೋಟೆ ಮ್ಯೂಸಿಯಂಗೆ ಹಗಲು ಹೋಗುವಾಗ ಲಿಫ್ಟ್ ಇದೆ, ಟಿಕೆಟ್ ತಗೊಂಡು ಅಮ್ಮನ್ನ ಮೇಲೆ ಕಳಿಸಿ, ಇಳಿಯುವಾಗ ನಿಧಾನಕ್ಕೆ ನಡೆಸಿಕೊಂಡು ಬಂದ್ವಿ. ಹಳೇ ಊರಿನ ಗಲ್ಲಿಗೆ ಕಾರು ನುಗ್ಗಲ್ಲ, ಆಟೋನೇ ಸರಿ. ತೂರ್ಜಿ ಕಾ ಝಾಲ್ರಾ ಅಂತ 1740ರ ದಶಕದ ಮೆಟ್ಟಿಲುಬಾವಿ ಇದೆ, ಅದರ ಎದುರಿನ ಸ್ಟೆಪ್‌ವೆಲ್ ಕೆಫೆಯಲ್ಲಿ ಸಂಜೆ ಟೀ ಕುಡಿಯಿರಿ. ಊಟಕ್ಕೆ ಅಲ್ಲಿ ಕೂರೋ ಅಗತ್ಯ ಇಲ್ಲ. ಹುಡುಗರು ಮೇಲಿನಿಂದ ಬಾವಿಗೆ ಹಾರೋದನ್ನ ನಿಮ್ಮ ಮಗ ಕಣ್ಣು ಕೀಳದೆ ನೋಡ್ತಾನೆ.

ನಿಮ್ಮ ಯಜಮಾನರು ತೋಟದವರಲ್ವಾ, ಕೋಟೆ ಪಕ್ಕದಲ್ಲೇ ರಾವ್ ಜೋಧಾ ಡೆಸರ್ಟ್ ರಾಕ್ ಪಾರ್ಕ್ ಇದೆ. ಬಂಡೆ ತುಂಬ ಬಳ್ಳಾರಿ ಜಾಲಿ ಬೆಳೆದಿದ್ದನ್ನ 2006ರಿಂದ ಕಿತ್ತು, ಅಲ್ಲಿನದೇ ಗಿಡ ಹಾಕಿ ಬೆಳೆಸಿದ್ದಾರೆ. ಊಟದಲ್ಲಿ ತಿನ್ನೋ ಕೇರ್ ಗಿಡನ ಅಲ್ಲಿ ನಿಂತು ನೋಡಬಹುದು. ನನ್ನ ಗಂಡ ಅಲ್ಲಿಂದ ಹೊರಡೋಕೇ ಒಪ್ಪಲಿಲ್ಲ.

ಗೋಣಿಕೊಪ್ಪ ಕಾಫಿತೋಟ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. "ಕೋಟೆ ಮೇಲೇ ಕೂತು ಉಣ್ಣುವಾ, ನಿಧಾನಕ್ಕೆ ನಡೀತೀನಿ" ಅಂತಿದ್ದಾರೆ. ತಮ್ಮನಿಗೆ ಮೇಜು ಹಿಡಿಸೋಕೆ ಹೇಳಿದೆ. ಸೋಮವಾರ ಜಿಪ್ಸಿ, ಒಂದಿನ ಬಿಷ್ಣೋಯಿ ಊಟ. ಅರಮನೆ ಮ್ಯೂಸಿಯಂ ಮಾತ್ರ.

ಸರ್, ಕೇರ್ ಸಾಂಗ್ರಿ ಮನೆಗೆ ತರಬಹುದಾ? ತಂದ್ರೆ ನಮ್ಮ ಮಳೆಗೆ ಉಳಿಯುತ್ತಾ? ಮಾಡೋದು ಹೇಗೆ ಅಂತಾನೂ ಹೇಳಿ.

ಹಳೇ ಫೌಜಿ, ವಿರಾಜಪೇಟೆ:

ಖಂಡಿತ ತನ್ನಿ. ಗಂಟಾಘರ್ ಸುತ್ತಲಿನ ಸರ್ದಾರ್ ಮಾರ್ಕೆಟ್ಟಿನಲ್ಲಿ ಮಸಾಲೆ ಅಂಗಡಿಗಳಿವೆ. ಮಥಾನಿಯಾ ಮೆಣಸಿನಕಾಯಿಯನ್ನೂ ಅಲ್ಲೇ ತೆಗೆದುಕೊಳ್ಳಿ, ಪುಡಿ ಬೇಡ, ಇಡಿಯಾಗಿ. ಸಾಂಗ್ರಿ ಆರಿಸುವಾಗ ಸಣ್ಣಗೆ, ಕಡುಬಣ್ಣಕ್ಕೆ ಇರುವುದನ್ನು ನೋಡಿ. ದಪ್ಪಗಿದ್ದು ಒಳಗೆ ಬೀಜ ಕೈಗೆ ಸಿಕ್ಕಿದರೆ ಅದು ಬಲಿತ ಕಾಯಿ, ಎಷ್ಟು ಬೇಯಿಸಿದರೂ ನಾರು. ಎಳೆಯದಕ್ಕೆ ಬೆಲೆ ಜಾಸ್ತಿ ಹೇಳುತ್ತಾರೆ, ಕೊಡಬಹುದು. ಕೇರ್ ಕಾಯಿ ಚಿಕ್ಕದಿದ್ದಷ್ಟೂ ಒಳ್ಳೆಯದು. ಪಂಚ್‌ಕುಟಾ ಅಂತ ಕೇಳಿದರೆ ಕುಮಟಿಯಾ ಬೀಜ, ಗುಂದಾ ಎಲ್ಲ ಸೇರಿಸಿ ಕೊಡುತ್ತಾರೆ. ಮೊದಲ ಸಲಕ್ಕೆ ಕೇರ್, ಸಾಂಗ್ರಿ ಎರಡೇ ಸಾಕು.

ಮನೆಯವಳು ಮಾಡುವ ಕ್ರಮ ಹೇಳುತ್ತೇನೆ. ಕೇರ್ ಕಹಿ ಇರುತ್ತದೆ, ಅದನ್ನು ಬೇರೆ ಪಾತ್ರೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿಡಬೇಕು. ಸಾಂಗ್ರಿಗೆ ಬರೀ ನೀರು. ಬೆಳಿಗ್ಗೆ ಎರಡನ್ನೂ ನಾಲ್ಕಾರು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಸಾಂಗ್ರಿಯಲ್ಲಿ ಮರಳು ಇದ್ದೇ ಇರುತ್ತದೆ. ಮೆತ್ತಗಾಗುವಷ್ಟು ಬೇಯಿಸಿ, ನೀರು ಪೂರ್ತಿ ಬಸಿದು, ಬಟ್ಟೆ ಮೇಲೆ ಹರಡಬೇಕು. ಎಣ್ಣೆ ಧಾರಾಳ ಇರಲಿ. ಜೀರಿಗೆ, ಓಮ, ಒಣಮೆಣಸು ಸಿಡಿಸಿ, ಕೊತ್ತಂಬರಿ ಪುಡಿ, ಅರಿಶಿನ, ಖಾರದ ಪುಡಿ ಹಾಕಿದ ಕೂಡಲೇ ಕಾಯಿ ಹಾಕಿ ಹುರಿಯಿರಿ. ಇಳಿಸುವ ಮುಂಚೆ ಆಮ್ಚೂರ್. ಅವಳು ಒಂದು ಸಲ ಆಮ್ಚೂರ್ ಇಲ್ಲದೆ ಕೊನೆಗೆ ಎರಡು ಹನಿ ಕಾಚಂಪುಳಿ ಹಾಕಿದಳು, ಬಹಳ ಚೆನ್ನಾಗಿತ್ತು. ಅಕ್ಕಿರೊಟ್ಟಿಗೆ ಹೊಂದುತ್ತದೆ.

ಮಳೆ ವಿಷಯ ಕೇಳಿದ್ದು ಒಳ್ಳೆಯದಾಯಿತು. ಅಲ್ಲಿ ಗೋಣಿಚೀಲದಲ್ಲಿ ಇಟ್ಟರೂ ವರ್ಷ ಬರುವ ಸಾಮಾನು ಇಲ್ಲಿ ಜೂನ್ ಕಳೆಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ತಂದ ಕೂಡಲೇ ಕಣದಲ್ಲಿ ಒಂದು ಒಳ್ಳೇ ಬಿಸಿಲು ಕಾಣಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಕಾಫಿ ಕಣಕ್ಕೆ ಬಿದ್ದ ಮೇಲೆ ಜಾಗ ಸಿಗುವುದಿಲ್ಲ, ಅದಕ್ಕೆ ಮುಂಚೆ ಮಾಡಿಬಿಡಿ. ತಮ್ಮನ ನಂಬರ್ ಮೆಸೇಜಿನಲ್ಲಿ ಕಳಿಸಿ, ಯಾವ ಅಂಗಡಿ ಅಂತ ಅವನಿಗೇ ವಿವರವಾಗಿ ಹೇಳುತ್ತೇನೆ.